ತಲಕಾಡಿನ ಮರಳು ಶಾಪದಿಂದ ಬಂದಿದ್ದಾ? ಕೊನೇ ಸಲ ಹೇಳ್ತೀನಿ

"ಸರ್, ತಲಕಾಡು ಒಂದೇ ರಾತ್ರೀಲಿ ಮರಳಲ್ಲಿ ಮುಚ್ಚೋಯ್ತಂತೆ, ನಿಜಾನಾ?"

ಹಾಸನದ ಯಾವ್ದಾದ್ರೂ ಸ್ಕೂಲ್ ಟ್ರಿಪ್ ಹೋಗಿ ಬಂತು ಅಂದ್ರೆ ಆ ವಾರ ನಂಗೆ ಈ ಪ್ರಶ್ನೆ ಗ್ಯಾರಂಟಿ. ಮಕ್ಕಳು ಕೇಳಿದ್ರೆ ಖುಷಿ, ಆದ್ರೆ ಕರ್ಕೊಂಡು ಹೋದ ಮೇಷ್ಟ್ರುಗಳೂ ಕೇಳ್ತಾರಲ್ಲ, ಅದಕ್ಕೇನು ಹೇಳೋದು.

ಕಣದಲ್ಲಿ ರಾಗಿ ತೂರೋದು ನೋಡಿದೀರಲ್ಲ? ಹೊಟ್ಟು ದೂರ ಹೋಗತ್ತೆ, ಕಾಳು ಕಾಲ ಬುಡದಲ್ಲೇ ಬೀಳತ್ತೆ. ಧೂಳು ಹೊಟ್ಟಿದ್ದಂಗೆ, ಮರಳು ಕಾಳಿದ್ದಂಗೆ. ಮರಳು ಮೋಡದ ಥರ ಹಾರ್ಕೊಂಡು ಬಂದು ಊರ ಮೇಲೆ ಸುರಿಯಲ್ಲ, ಅದು ಕುಪ್ಪಳಿಸತ್ತೆ. ಒಣ ಮರಳ ಮೇಲೆ ಗಾಳಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಬೀಸ್ತು ಅಂದ್ರೆ ಒಂದು ಕಾಳು ಎದ್ದು ಸ್ವಲ್ಪ ಮುಂದೆ ಬೀಳತ್ತೆ, ಬಿದ್ದ ಏಟಿಗೆ ಇನ್ನೊಂದಷ್ಟು ಏಳತ್ತೆ, ಹೆಚ್ಚುಕಮ್ಮಿ ಎಲ್ಲಾ ಮೊಣಕಾಲು ಮಟ್ಟದೊಳಗೇ. ಪೊದೇನೋ ಗೋಡೇನೋ ಅಡ್ಡ ಸಿಕ್ತು ಅಂದ್ರೆ ಅಲ್ಲಿ ಗಾಳಿ ಸುಸ್ತಾಗತ್ತೆ, ಮರಳು ಕೂತ್ಕೊಳತ್ತೆ, ದಿಬ್ಬ ಆಗತ್ತೆ.

ಗಾಳಿ ಬರೋ ಕಡೆ ದಿಬ್ಬ ಸಲೀಸಾಗಿ ಹತ್ತೋ ಹಂಗಿರತ್ತೆ, ಆ ಕಡೆ ಕಡಿದು, ಸುಮಾರು 33 ಡಿಗ್ರಿ. ಮನೆ ಮುಂದೆ ಟ್ರ್ಯಾಕ್ಟರ್‌ನೋರು ಮರಳು ಸುರಿದಾಗ ಗುಡ್ಡೆ ಒಂದು ಮಟ್ಟಕ್ಕಿಂತ ಕಡಿದಾಗಲ್ಲ, ಜಾರತ್ತಲ್ಲ, ಅದೇ ಲೆಕ್ಕ. ಈ ಕಡೆ ಹತ್ತಿದ ಕಾಳು ಆ ಕಡೆ ಜಾರ್ತಾ ಜಾರ್ತಾ ದಿಬ್ಬಾನೇ ನಡೆದಂಗಾಗತ್ತೆ. ಚಿಕ್ಕದು ಬೇಗ, ದೊಡ್ಡದು ನಿಧಾನ. ಗಿಡಮರ ಇಲ್ದಿರೋ ಮರುಭೂಮಿಯಲ್ಲೂ ಜೋರಾಗಿ ನಡಿಯೋ ದಿಬ್ಬ ವರ್ಷಕ್ಕೆ ಹತ್ತಾರು ಮೀಟರ್ ಹೋಗತ್ತೆ, ಅಷ್ಟೇ. ಈಗ ಹೇಳಿ, ಒಂದೇ ರಾತ್ರೀಲಿ ಮೂವತ್ತು ದೇವಸ್ಥಾನ ಮುಚ್ಚೋಕೆ ಅದೇನು ಲಾರೀಲಿ ಬಂತಾ?

ಇನ್ನು ಶಾಪ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ್ರು, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡ್ತಿ ಅಲಮೇಲಮ್ಮ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅಂದು ಹೊಳೆಗೆ ಹಾರಿದ್ಲು ಅಂತ ಕತೆ. ಆ ಮಾತನ್ನೇ ಸರಿಯಾಗಿ ಕೇಳಿಸ್ಕೊಳ್ಳಿ ಅಂತೀನಿ ನಾನು. ಹೊಳೆ ತಿರುವಲ್ಲಿ ಹೊರಗಿನ ದಡಾನ ನೀರು ಕೊರೆದು ಮಡು ಮಾಡತ್ತೆ, ಒಳಗಿನ ದಡದಲ್ಲಿ ಮರಳು ಬಿಡತ್ತೆ. ಹೇಮಾವತೀಲೂ ನೋಡಬಹುದು, ಯಾವ ಶಾಪಾನೂ ಬೇಕಿಲ್ಲ. ತಲಕಾಡಿನ ಹತ್ರ ಕಾವೇರಿ ಜೋರಾಗಿ ತಿರುಗ್ತಾಳೆ, ಎದುರು ದಡದಲ್ಲೇ ಮಾಲಂಗಿ. ಜೊತೆಗೆ ಮೇಲ್ಗಡೆ ಮಾಧವ ಮಂತ್ರಿ ಕಟ್ಟೆ ಬಂದು ನೀರು ಕಮ್ಮಿಯಾಗಿ ಹೊಳೆ ಮರಳು ಒಣಗಿ ಬಿತ್ತು ಅಂತಾರೆ ಸಂಶೋಧಕರು. ಮುಂಗಾರು ಗಾಳಿ ಬೀಸೋದು ನೈಋತ್ಯದಿಂದ, ಅಂದ್ರೆ ಹೊಳೆ ಕಡೆಯಿಂದ ಊರ ಕಡೆಗೆ. ನಾವು ಸಕಲೇಶಪುರದಲ್ಲಿ ಕೊಡೆ ಬಿಚ್ಚಿ ನಿಂತಿರೋ ಹೊತ್ತಲ್ಲಿ ಅಲ್ಲಿ ಮಳೆ ಕಮ್ಮಿ, ಬರೀ ಗಾಳಿ. ಮರಳಿದೆ, ಗಾಳಿಯಿದೆ, ಅಡ್ಡಕ್ಕೆ ಕಲ್ಲಿನ ಗುಡಿಗಳಿವೆ, ಇನ್ನೇನು ಬೇಕು? ಅಲಮೇಲಮ್ಮನ ದುಃಖ ಸುಳ್ಳು ಅಂತ ನಾನು ಹೇಳ್ತಿಲ್ಲ ಮಾರಾಯ್ರೇ, ಮರಳಿನ ಲೆಕ್ಕ ಬೇರೆ ಅಂತಿದೀನಿ.

ಅಂದಹಾಗೆ ತಲಕಾಡು ನಮಗೆ ದೂರದ ಊರೇನಲ್ಲ. ಹೊಯ್ಸಳ ರಾಜ ವಿಷ್ಣುವರ್ಧನ ಚೋಳರಿಂದ ಅದನ್ನ ಕಿತ್ಕೊಂಡು ತಲಕಾಡುಗೊಂಡ ಅನ್ನಿಸ್ಕೊಂಡ, ಆ ಗೆಲುವಿನ ಬೆನ್ನಲ್ಲೇ 1117ರಲ್ಲಿ ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಆಯ್ತು. ಅಲ್ಲಿ ಕೀರ್ತಿನಾರಾಯಣ, ಇಲ್ಲಿ ಚೆನ್ನಕೇಶವ. ಒಬ್ಬ ಮರಳಲ್ಲಿ ಸಿಕ್ಕಿಹಾಕ್ಕೊಂಡ, ಒಬ್ಬ ಬಚಾವ್.

ಯಾರೂ ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ: ಮರುಭೂಮಿ ತುಂಬ ಮರಳಿರೋವಾಗ ಅದನ್ನೇ ತಂದು ಮನೆ ಕಟ್ಟಬಾರ್ದಾ? ಆಗಲ್ಲ ಕಣ್ರೀ. ಗಾಳೀಲಿ ಕುಪ್ಪಳಿಸಿ ಒಂದಕ್ಕೊಂದು ಬಡ್ಕೊಂಡು ಆ ಕಾಳು ನುಣುಪಾಗಿ ದುಂಡಗಾಗಿರತ್ತೆ, ಎಲ್ಲಾ ಒಂದೇ ಸಣ್ಣ ಸೈಜು. ಕಾಂಕ್ರೀಟ್‌ಗೆ ದಪ್ಪ ಸಣ್ಣ ಎಲ್ಲಾ ಬೆರೆತ, ಮೂಲೆ ಚೂಪಿರೋ ಮರಳೇ ಬೇಕು. ಅದಕ್ಕೇ ಈಗ ಕಲ್ಲು ಒಡೆದು ಎಂ-ಸ್ಯಾಂಡ್ ಮಾಡ್ತಿರೋದು, ಅದರ ರೇಟಿನ ವಿಷ್ಯ ಮಾತ್ರ ನನ್ನ ಕೇಳ್ಬೇಡಿ.