ಹಳೇ ಮರಳನ್ನು ದೊಡ್ಡ ಟ್ಯಾಂಕಿಗೆ ಸುರಿಯುವ ಮುಂಚೆ

ಚಿಕ್ಕ ಉಪ್ಪುನೀರಿನ ಟ್ಯಾಂಕನ್ನು ಎರಡು ಮೂರು ವರ್ಷ ನಡೆಸಿದವರಿಗೆ ದೊಡ್ಡದೊಂದು ಬೇಕು ಅನ್ನಿಸಲು ಶುರುವಾಗುತ್ತದೆ. ಆಗ ಮೊದಲು ಎದುರಾಗುವ ಪ್ರಶ್ನೆ ಮರಳಿನದು. ದುಡ್ಡು ಕೊಟ್ಟು ತಂದ ಮರಳು, ಅದರಲ್ಲಿ ಬ್ಯಾಕ್ಟೀರಿಯಾ ಬೇರೆ ಬೆಳೆದಿದೆ, ಎತ್ತಿ ಹೊಸ ಟ್ಯಾಂಕಿಗೆ ಸುರಿದರೆ ಆಯ್ತಲ್ವಾ? ನಾನೂ ಹಾಗೇ ಅಂದುಕೊಂಡು ಸುರಿದೆ. ಏನಾಯಿತು ಅಂತ ಕೆಳಗೆ ಹೇಳುತ್ತೇನೆ.

ಅವಸರದಲ್ಲಿರುವವರು ಇಷ್ಟು ಓದಿದರೂ ಸಾಕು. ಹಳೇ ಮರಳನ್ನು ಧಾರಾಳವಾಗಿ ಮತ್ತೆ ಬಳಸಬಹುದು, ಆದರೆ ನೀರು ತಿಳಿಯಾಗುವ ತನಕ ತೊಳೆದು. ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಸಾಯಲಿ ಬಿಡಿ. ಯಾಕೆ ಅಂತ ಅರ್ಥವಾದರೆ ಮಿಕ್ಕಿದ್ದೆಲ್ಲ ಸುಲಭ.

ಬ್ಯಾಕ್ಟೀರಿಯಾ ಲೆಕ್ಕ

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಮಿಕ್ಕ ಆಹಾರ, ಹಿಕ್ಕೆ ಕೊಳೆತರೂ ಬರುವುದು ಅದೇ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಏನೂ ಇಲ್ಲದ ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಇವು ನೀರಲ್ಲಿ ತೇಲಾಡುವುದು ಬಹಳ ಕಡಿಮೆ. ಕಲ್ಲು, ಮರಳು, ಗಾಜು, ಪೈಪು, ಹೀಗೆ ಸಿಕ್ಕಿದ ಗಟ್ಟಿ ಜಾಗಕ್ಕೆ ಲೋಳೆಯ ಪದರದ ಹಾಗೆ ಅಂಟಿಕೊಂಡಿರುತ್ತವೆ. ಅದಕ್ಕೇ ಹಳೇ ನೀರನ್ನು ಹೊಸ ಟ್ಯಾಂಕಿಗೆ ಹೊತ್ತು ಹಾಕಿದರೆ ಸೈಕಲ್ ಆಗಿಬಿಡುತ್ತದೆ, ಅಂದರೆ ಬ್ಯಾಕ್ಟೀರಿಯಾ ನೆಲೆಯೂರಿಬಿಡುತ್ತದೆ, ಅನ್ನುವ ಮಾತಿನಲ್ಲಿ ಹುರುಳಿಲ್ಲ.

ಕಲಿಯುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಟ್ಯಾಂಕ್ ಮೂರು ಪಟ್ಟು ದೊಡ್ಡದಾದರೆ ಬ್ಯಾಕ್ಟೀರಿಯಾನೂ ಮೂರು ಪಟ್ಟು ಬೇಕು ಅಂದುಕೊಳ್ಳುತ್ತಾರೆ. ಬೇಡ. ಎಷ್ಟು ಅಮೋನಿಯಾ ಹುಟ್ಟುತ್ತದೋ ಅಷ್ಟನ್ನು ತಿನ್ನುವಷ್ಟು ಬ್ಯಾಕ್ಟೀರಿಯಾ ಇರುತ್ತದೆ, ಅಷ್ಟೇ. ಅದೇ ನಾಲ್ಕು ಮೀನು, ಅದೇ ಆಹಾರ ಅಂದರೆ ಅಮೋನಿಯಾನೂ ಅಷ್ಟೇ, ಟ್ಯಾಂಕ್ 150 ಲೀಟರ್ ಇರಲಿ 430 ಲೀಟರ್ ಇರಲಿ. ಕಲ್ಲುಗಳನ್ನು ಒಣಗಲು ಬಿಡದೆ ಸಾಗಿಸಿದರೆ ಆ ಕೆಲಸಕ್ಕೆ ಅವೇ ಸಾಕು. ಒಳಗೆಲ್ಲ ತೂತುತೂತಾಗಿರುವ ಕಲ್ಲಿನಲ್ಲಿ ಅಂಟಿಕೊಳ್ಳಲು ಎಷ್ಟು ಬೇಕೋ ಅಷ್ಟು ಜಾಗ ಇರುತ್ತದೆ.

ಒಂದು ಅಪವಾದ ಇದೆ. ಕೆಲವರ ಟ್ಯಾಂಕಿನಲ್ಲಿ ಕಲ್ಲು ಎರಡೋ ಮೂರೋ ಇದ್ದು ಮರಳೇ ಜಾಸ್ತಿ ಇರುತ್ತದೆ. ಅಲ್ಲಿ ಮರಳೇ ಫಿಲ್ಟರ್. ಅಂಥವರು ಹೊಸ ಟ್ಯಾಂಕಿನ ಕಲ್ಲನ್ನೋ ಸೆರಾಮಿಕ್ ತುಂಡುಗಳನ್ನೋ ಒಂದೆರಡು ತಿಂಗಳು ಮೊದಲೇ ಹಳೇ ಟ್ಯಾಂಕಿನಲ್ಲಿ ಇಟ್ಟು ಬ್ಯಾಕ್ಟೀರಿಯಾ ಹತ್ತಿಸಿಕೊಳ್ಳಬೇಕು.

ಮರಳೊಳಗೆ ಏನಿದೆ

ಗಾಜಿನ ಹೊರಗಿನಿಂದ ಮರಳಿನ ಪಕ್ಕೆಯನ್ನು ನೋಡಿ. ಮೇಲಿನ ಒಂದೆರಡು ಸೆಂಟಿಮೀಟರ್ ಬೆಳ್ಳಗೆ, ಸಡಿಲವಾಗಿ ಇರುತ್ತದೆ. ಅದರ ಕೆಳಗೆ ಕಂದು ಬಣ್ಣ, ಅಲ್ಲಲ್ಲಿ ಬೂದು. ಇನ್ನೂ ಕೆಳಗೆ, ಅದರಲ್ಲೂ ಕಲ್ಲು ಕೂತಿದ್ದ ಕಡೆ, ಕರೀ ಮಚ್ಚೆಗಳು ಕಾಣಬಹುದು. ಮೇಲಿನ ಪದರಕ್ಕೆ ಆಮ್ಲಜನಕ ಇಳಿಯುತ್ತದೆ. ಕೆಳಗೆ ಇಳಿಯುವುದಿಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳೇ ಬೇರೆ. ಕೆಲವು ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುತ್ತವೆ, ಅದು ಒಳ್ಳೆಯದೇ. ಇನ್ನು ಕೆಲವು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ನಾತ ಬರುವುದು ಅದರಿಂದ, ಕಬ್ಬಿಣದ ಜೊತೆ ಸೇರಿ ಕರೀ ಮಚ್ಚೆ ಮಾಡುವುದೂ ಅದೇ. ಮೀನಿಗೆ ಅದು ವಿಷ. ಇದರ ಜೊತೆಗೆ ವರ್ಷಗಟ್ಟಲೆ ಇಳಿದು ಕೂತ ಮಡ್ಡಿ.

ಇದೆಲ್ಲ ಅಲುಗದೆ ಇರುವ ತನಕ ತೊಂದರೆ ಇಲ್ಲ. ಮರಳನ್ನು ಎತ್ತಿದ ಕ್ಷಣ ಪದರಗಳು ಕಲೆಸಿಹೋಗುತ್ತವೆ, ಕೆಳಗಿದ್ದದ್ದು ನೀರಿಗೆ ಬರುತ್ತದೆ.

ನನ್ನದು ಹೀಗಾಯಿತು. ಹಳೇ ಟ್ಯಾಂಕಿನಲ್ಲಿ 5 ಸೆಂಟಿಮೀಟರ್ ಮರಳಿತ್ತು, ಎರಡೂವರೆ ವರ್ಷ ಕೈ ಹಾಕಿರಲಿಲ್ಲ. ಮಗ್ಗಿನಲ್ಲಿ ತೋಡಿ ತೋಡಿ ನೇರ ಹೊಸ ಟ್ಯಾಂಕಿಗೆ ಹಾಕಿದೆ, ಮೇಲೆ ನೀರು ತುಂಬಿದೆ, ಪಂಪ್ ಹಚ್ಚಿದೆ. ನೀರು ಸುಣ್ಣದ ನೀರಿನ ಹಾಗೆ ಆಯಿತು. ಕೈ ಮುಳುಗಿಸಿದರೆ ಮೊಣಕೈ ಕೆಳಗೆ ಏನೂ ಕಾಣುತ್ತಿರಲಿಲ್ಲ. ರಾತ್ರಿ ಕಳೆದರೆ ಕೂರುತ್ತದೆ ಅಂದುಕೊಂಡು ಮೀನುಗಳನ್ನೂ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಕ್ಲೌನ್ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ, ಕ್ಲೀನರ್ ಸೀಗಡಿ ಒಂದು ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿದೆ. ಅಮೋನಿಯಾ ಪರೀಕ್ಷೆ ಮಾಡಿದೆ. ಹಳದಿ ಇರಬೇಕಾದ ಟ್ಯೂಬು ಹಸಿರಾಯಿತು, 1 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಒಂದು ಪಾಲು. ಒಂದು ಅಂದರೆ ಒಂದೇ ತಾನೆ ಅನ್ನಿಸಬಹುದು. ಉಪ್ಪುನೀರಿನ ಪಿಎಚ್ 8.2ರ ಹತ್ತಿರ ಇರುತ್ತದೆ, ಪಿಎಚ್ ಒಂದು ಅಂಕಿ ಏರಿದರೆ ಅಮೋನಿಯಾದಲ್ಲಿ ವಿಷವಾಗಿರುವ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ, ಹಾಗಾಗಿ ಇಲ್ಲಿ 1 ಅನ್ನುವುದು 7ರ ಪಿಎಚ್ ಇರುವ ಸಿಹಿನೀರಿನ ಟ್ಯಾಂಕಿನ 1ರ ಹಾಗಲ್ಲ. ಎರಡು ದಿನದಲ್ಲಿ ಎರಡು ಸಲ ಅರ್ಧರ್ಧ ನೀರು ಬದಲಾಯಿಸಿದೆ. ಮೀನು ಉಳಿದವು. ಸೀಗಡಿ ಉಳಿಯಲಿಲ್ಲ.

ತೊಳೆಯುವ ಮುಂಚೆ ಒಂದು ಬಾಟಲಿ ಪರೀಕ್ಷೆ

ಇದನ್ನು ಆಮೇಲೆ ಕಂಡುಕೊಂಡೆ, ಈಗ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ. ಹಳೇ ಟ್ಯಾಂಕಿನ ತಳದಿಂದ ಒಂದು ಹಿಡಿ ಮರಳು ತೆಗೆಯಿರಿ. ಚಿಕ್ಕ ಪೈಪನ್ನು ಮರಳಿನೊಳಗೆ ಚುಚ್ಚಿ, ಮೇಲಿನ ತುದಿಗೆ ಬೆರಳು ಒತ್ತಿ ಎತ್ತಿದರೆ ಜಾಸ್ತಿ ಕದಡದೆ ಬರುತ್ತದೆ. ಒಂದು ಲೀಟರ್ ಹೊಸ ಉಪ್ಪುನೀರಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ ಒಂದು ಗಂಟೆ ಬಿಡಿ. ಮೇಲೆ ನಿಂತ ತಿಳಿಯಲ್ಲಿ ಅಮೋನಿಯಾ, ಫಾಸ್ಫೇಟ್ ಎರಡೂ ನೋಡಿ. ಅದೇ ಮರಳನ್ನು ತೊಳೆದು ಮತ್ತೆ ಇನ್ನೊಂದು ಲೀಟರ್ ನೀರಲ್ಲಿ ಮಾಡಿ. ಎರಡು ಟ್ಯೂಬು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ತೊಳೆಯದೆ ಹಾಕಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಕೆಲವು ಮರಳನ್ನು ತೊಳೆದೂ ಬಳಸಬಾರದು. ಹಳೇ ಟ್ಯಾಂಕಿಗೆ ಎಂದಾದರೂ ತಾಮ್ರದ ಔಷಧಿ ಹಾಕಿದ್ದರೆ ಆ ಮರಳು ಬೇಡ. ಉಪ್ಪುನೀರಿನ ಟ್ಯಾಂಕಿನ ಮರಳು ಸಾಮಾನ್ಯವಾಗಿ ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್, ಅದು ತಾಮ್ರವನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಮೀನು ತಡೆದುಕೊಳ್ಳಬಹುದು, ಸೀಗಡಿ, ಬಸವನಹುಳು, ಹವಳ ತಡೆದುಕೊಳ್ಳುವುದಿಲ್ಲ. ಫಾಸ್ಫೇಟಿನದೂ ಇದೇ ಕಥೆ. ಹವಳದ ಟ್ಯಾಂಕಿನಲ್ಲಿ 0.03ರಿಂದ 0.1 ಪಿಪಿಎಂ ಇದ್ದರೆ ಸಾಕು ಅನ್ನುತ್ತೇವೆ, ಹಳೇ ಟ್ಯಾಂಕ್ ವರ್ಷಾನುಗಟ್ಟಲೆ ಅದರ ಹಲವು ಪಟ್ಟು ಮೇಲೆ ಓಡಿದ್ದರೆ ಮರಳು ಅದನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ. ತೊಳೆದ ಮೇಲೂ ಬಾಟಲಿ ಪರೀಕ್ಷೆಯಲ್ಲಿ ಫಾಸ್ಫೇಟ್ ಏರುತ್ತಲೇ ಇದ್ದರೆ ಆಸೆ ಬಿಡಿ, ಹೊಸದು ತನ್ನಿ.

ಬಿಳಿ ಚುಕ್ಕೆ ರೋಗ ಬಂದಿದ್ದ ಟ್ಯಾಂಕಾದರೆ ಇನ್ನೊಂದು ವಿಷಯ. ಆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಮೀನಿನ ಮೈಯಿಂದ ಉದುರಿದ ಮೇಲೆ ಮರಳು, ಕಲ್ಲುಗಳಿಗೆ ಅಂಟಿ ಚಿಪ್ಪು ಕಟ್ಟಿಕೊಂಡು ಕೂರುತ್ತದೆ. ಮರಳನ್ನು ತೊಳೆದು ಪೂರ್ತಿ ಒಣಗಿಸಿದರೆ ಅದು ಸಾಯುತ್ತದೆ. ಕಲ್ಲನ್ನು ಹಾಗೆ ಒಣಗಿಸಲು ಆಗುವುದಿಲ್ಲವಲ್ಲ, ಅದಕ್ಕೆ ಮೀನಿಲ್ಲದೆ 76 ದಿನ ಬಿಡುವುದು ಈ ಹವ್ಯಾಸದವರಲ್ಲಿ ರೂಢಿ.

ತೊಳೆಯುವುದು

ಒಂದು ಸಲಕ್ಕೆ ಬಕೆಟಿನ ಮೂರನೇ ಒಂದು ಭಾಗ ಮರಳು ಹಾಕಿ, ಜಾಸ್ತಿ ಹಾಕಿದರೆ ತಳದ್ದು ತಿರುಗುವುದೇ ಇಲ್ಲ. ನಲ್ಲಿಯ ಪೈಪನ್ನು ಬಕೆಟಿನ ತಳಕ್ಕೆ ಇಳಿಸಿ ನೀರು ಬಿಡಿ, ಇನ್ನೊಂದು ಕೈಯಲ್ಲಿ ತಳದಿಂದ ಮೇಲಕ್ಕೆ ತಿರುವುತ್ತಾ ಇರಿ. ಮೊದಲ ಬಕೆಟಿನಿಂದ ಉಕ್ಕಿ ಹರಿಯುವುದು ಕಂದು ಬಗ್ಗಡ, ಜೊತೆಗೆ ಹುಳುಗಳು, ಎಳೆಎಳೆಯಾದ ಪಾಚಿ. ಆಮೇಲೆ ಬೂದು, ಆಮೇಲೆ ಬಿಳಿ. ಬಿಳಿ ಬಂದಾಗ ಸಾಕು ಅನ್ನಿಸುತ್ತದೆ, ಕೈಯೂ ಸೋತಿರುತ್ತದೆ. ನಿಲ್ಲಿಸಬೇಡಿ. ಆ ಬಿಳಿ ಅಂದರೆ ಹಿಟ್ಟಿನಷ್ಟು ನುಣುಪಾದ ಪುಡಿ, ಅದೇ ನಾಳೆ ಟ್ಯಾಂಕನ್ನು ಮಂಕು ಮಾಡುವುದು. ಕೈ ಆಡಿಸಿದಾಗಲೂ ಬಕೆಟಿನ ತಳದಲ್ಲಿ ಬೆರಳು ಕಾಣಬೇಕು, ಅಲ್ಲಿಯ ತನಕ. ನನಗೆ ಒಂದೊಂದು ಬಕೆಟಿಗೆ ಇಪ್ಪತ್ತು ನಿಮಿಷ ಹಿಡಿಯಿತು.

ಕೊನೇ ಸಲ ಆರ್‌ಒ ನೀರಲ್ಲಿ ತೊಳೆದು ಬಸಿಯಿರಿ, ನಲ್ಲಿ ನೀರಿನ ಕ್ಲೋರಿನ್ ಉಳಿಯಬಾರದು. ಕಲ್ಲಿನ ಹಾಗೆ ಗಟ್ಟಿಯಾದ ಹೆಂಟೆಗಳು ಸಿಕ್ಕರೆ ಎಸೆಯಿರಿ. ತೊಳೆದ ಮರಳನ್ನು ಅದೇ ದಿನ ಹಾಕಬೇಕು, ಇಲ್ಲವೇ ಬಿಸಿಲಲ್ಲಿ ಹರಡಿ ಪೂರ್ತಿ ಒಣಗಿಸಬೇಕು. ಒದ್ದೆ ಮರಳನ್ನು ಬಕೆಟಿನಲ್ಲಿ ಮುಚ್ಚಿಟ್ಟು ವಾರ ಬಿಟ್ಟು ತೆಗೆದರೆ, ಉಳಿದಿದ್ದ ನಾಲ್ಕು ಹುಳು ಕೊಳೆತು ಮತ್ತೆ ಅದೇ ನಾತ.

ಮರಳಿನ ಹುಳು, ಕೋಪೆಪಾಡ್ ಅನ್ನುವ ಪುಟಾಣಿ ಜೀವಿಗಳು ಎಲ್ಲ ಹೋಗುತ್ತವಲ್ಲ ಅನ್ನುವ ಬೇಜಾರು ಸಹಜ. ಅದಕ್ಕೆ ಒಂದು ಉಪಾಯ ಇದೆ: ತೋಡಲು ಶುರು ಮಾಡುವ ಮುಂಚೆ, ಚೊಕ್ಕವಾಗಿ ಕಾಣುವ ಜಾಗದಲ್ಲಿ ಮೇಲಿನ ಒಂದು ಸೆಂಟಿಮೀಟರನ್ನು ಮಾತ್ರ ಕೆರೆದು ಎರಡು ಮೂರು ಬೊಗಸೆಯಷ್ಟು ತೆಗೆದಿಡಿ. ಅದನ್ನು ತೊಳೆಯಬೇಡಿ. ಹೊಸ ಮರಳಿನ ಮೇಲೆ ಚೆಲ್ಲಿದರೆ ಕೆಲವು ತಿಂಗಳಲ್ಲಿ ಎಲ್ಲ ಕಡೆ ಹಬ್ಬುತ್ತದೆ. ನಸೇರಿಯಸ್ ಬಸವನಹುಳು ಇದ್ದರೆ ಮರಳಲ್ಲಿ ಹೂತುಕೊಂಡಿರುತ್ತವೆ. ಚೂರು ಆಹಾರ ಹಾಕಿ, ಮೂತಿ ಚಾಚಿಕೊಂಡು ತಾವೇ ಮೇಲೆ ಬರುತ್ತವೆ, ಆಗ ಹಿಡಿದುಕೊಳ್ಳಿ.

ಎಷ್ಟು ಮರಳು, ಎಷ್ಟು ನೀರು

ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. 75 x 45ರ ಹಳೇ ತಳದಲ್ಲಿ 5 ಸೆಂ.ಮೀ. ಮರಳು ಅಂದರೆ ಸುಮಾರು 17 ಲೀಟರ್. 120 x 60ರ ಹೊಸ ತಳಕ್ಕೆ 4 ಸೆಂ.ಮೀ. ಬೇಕಾದರೆ ಸುಮಾರು 29 ಲೀಟರ್. 12 ಲೀಟರ್ ಕಡಿಮೆ ಬಿತ್ತು. ಒಣ ಮರಳು ಲೀಟರಿಗೆ ಹೆಚ್ಚುಕಡಿಮೆ ಒಂದೂವರೆ ಕೆ.ಜಿ. ತೂಗುತ್ತದೆ, ಹಾಗಾಗಿ 18 ಕೆ.ಜಿ. ಹೊಸದು ತರಬೇಕು. ತೊಳೆಯುವಾಗ ಪುಡಿಯೆಲ್ಲ ಹೋಗುತ್ತದೆ, 20 ತಂದರೆ ಒಳ್ಳೆಯದು. ಹೊಸದನ್ನು ಕೆಳಗೆ ಹಾಕಿ ಹಳೆಯದನ್ನು ಮೇಲೆ ಹಾಕಬೇಕೋ, ಉಲ್ಟಾನೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡರ ಕಾಳಿನ ಗಾತ್ರ ಬೇರೆಯಾದರೆ ಸಣ್ಣದು ತಾನಾಗೇ ಸಂದಿಯಲ್ಲಿ ಇಳಿದು ಕೆಳಗೆ ಹೋಗುತ್ತದೆ.

ಆಳ 4 ಸೆಂಟಿಮೀಟರ್ ದಾಟಿಸಲು ನನಗೆ ಇಷ್ಟವಿಲ್ಲ. 10 ಸೆಂಟಿಮೀಟರಿಗೂ ಜಾಸ್ತಿ ಹಾಕಿ ನೈಟ್ರೇಟ್ ಇಳಿಸುವ ಪದ್ಧತಿ ಇದೆ, ಅದನ್ನು ಮಾಡುವವರು ಗೊತ್ತಿದ್ದೇ ಮಾಡುತ್ತಾರೆ. ನಡುವಿನ 6, 7 ಸೆಂಟಿಮೀಟರ್ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ: ಸೈಫನ್ ಹಾಕಿ ಶುಚಿ ಮಾಡಲು ಆಳ ಜಾಸ್ತಿ, ನೈಟ್ರೇಟ್ ತೆಗೆಯಲು ಕಡಿಮೆ.

ನೀರಿನದು ಬೇಗ ಹೇಳಿ ಮುಗಿಸುತ್ತೇನೆ. 120 x 60 x 60ರ ಟ್ಯಾಂಕ್ ಲೆಕ್ಕದಲ್ಲಿ 432 ಲೀಟರ್, ಕಲ್ಲು, ಮರಳು, ಮೇಲೆ ಬಿಡುವ ಜಾಗ ಕಳೆದರೆ 360ರ ಆಸುಪಾಸು. ಹಳೇ ಟ್ಯಾಂಕಿನ ತಿಳಿ ನೀರು 100 ಲೀಟರ್ ಸಿಕ್ಕಿದರೆ ಹೊಸದಾಗಿ 260 ಲೀಟರ್ ಕಲೆಸಬೇಕು, ಲೀಟರಿಗೆ ಸುಮಾರು 38 ಗ್ರಾಂ ಉಪ್ಪು, ಅಂದರೆ 10 ಕೆ.ಜಿ. ಹತ್ತಿರ. ಒಂದು ದಿನ ಮೊದಲೇ ಕಲೆಸಿ ಪಂಪ್, ಹೀಟರ್ ಹಾಕಿಡಿ. ಸಾಂದ್ರತೆ 1.026, ಉಷ್ಣತೆ 25 ಡಿಗ್ರಿ, ಎರಡೂ ಹಳೇ ಟ್ಯಾಂಕಿಗೆ ಹೊಂದಬೇಕು. ಸ್ಟ್ಯಾಂಡ್ ಬಗ್ಗೆ ಒಂದೇ ಮಾತು: ಇದೆಲ್ಲ ತುಂಬಿದ ಮೇಲೆ ಅರ್ಧ ಟನ್ ದಾಟುತ್ತದೆ, ಖಾಲಿ ಇರುವಾಗಲೇ ಮಟ್ಟ ನೋಡಿಕೊಳ್ಳಿ.

ಸಾಗಿಸುವ ದಿನ

ಹಳೇ ಟ್ಯಾಂಕಿನ ಮೇಲಿನ ತಿಳಿ ನೀರನ್ನು ಮೊದಲು ತೆಗೆದಿಡಿ, ಮರಳು ಕದಡುವ ಮುಂಚೆ. ಆಮೇಲೆ ಹವಳ, ಆಮೇಲೆ ಕಲ್ಲು, ಎಲ್ಲ ಆ ನೀರಿನಲ್ಲೇ ಮುಳುಗಿರಲಿ. ಮೀನು ಕೊನೆಗೆ. ಕಲ್ಲು ತೆಗೆದ ಮೇಲೆ, ನೀರು ಗೇಣುದ್ದ ಉಳಿದಾಗ, ಅವಕ್ಕೆ ಅವಿತುಕೊಳ್ಳಲು ಜಾಗವೇ ಇರುವುದಿಲ್ಲ. ಕಲ್ಲು ಇದ್ದಾಗ ಬಲೆ ಹಾಕಿ ಅಟ್ಟಾಡಿಸಿದರೆ ಮರಳೂ ಕದಡುತ್ತದೆ, ಮೀನಿಗೂ ಸುಸ್ತು, ನಿಮಗೂ ಸುಸ್ತು. ಮೀನಿನ ಬಕೆಟಿಗೆ ಏರ್ ಪಂಪ್ ಬೇಕೇ ಬೇಕು.

ಹೊಸ ಟ್ಯಾಂಕಿನಲ್ಲಿ ಕಲ್ಲು ಮೊದಲು, ನೇರ ಗಾಜಿನ ತಳದ ಮೇಲೆ, ಮರಳು ಆಮೇಲೆ ಅದರ ಸುತ್ತ. ಮರಳ ಮೇಲೆ ಕಲ್ಲು ಕೂರಿಸಿದರೆ ಬಿಲ ತೋಡುವ ಗೋಬಿ ಮೀನು, ಪಿಸ್ತೂಲ್ ಸೀಗಡಿಗಳು ಅಡಿಯಿಂದ ಮರಳು ಕೊರೆದು ಒಂದು ದಿನ ಎಲ್ಲ ಉರುಳಿಸುತ್ತವೆ. ನೀರು ಹುಯ್ಯುವಾಗ ಮರಳ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಬೀಳಲಿ. ಪಂಪುಗಳ ಮುಖ ಒಂದು ವಾರ ನೀರಿನ ಮೇಲ್ಮೈ ಕಡೆ ತಿರುಗಿಸಿಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ.

ಅದೇ ದಿನ ಮರಳು ತೊಳೆಯಲು ಆಗದಿದ್ದರೆ ಬರೀ ಗಾಜಿನ ತಳದಲ್ಲೇ ಟ್ಯಾಂಕ್ ಶುರು ಮಾಡಿ. ಏನೂ ಆಗುವುದಿಲ್ಲ. ಮುಂದೆ ವಾರಕ್ಕೆ ಒಂದು ಭಾಗದಂತೆ, ಅಗಲ ಪೈಪಿನ ಒಂದು ತುದಿ ತಳಕ್ಕೆ ಇಟ್ಟು ಇನ್ನೊಂದು ತುದಿಯಿಂದ ತೊಳೆದ ಮರಳು ಸುರಿದರೆ ನೀರು ಅಷ್ಟಾಗಿ ಮಂಕಾಗುವುದಿಲ್ಲ. ಇನ್ನೊಮ್ಮೆ ಮಾಡುವುದಾದರೆ ನಾನು ಹೀಗೇ ಮಾಡುತ್ತೇನೆ.

ಮೊದಲ ವಾರ ದಿನಾ ಅಮೋನಿಯಾ ನೋಡಿ. 0.25 ಕಂಡರೆ ಆಹಾರ ಅರ್ಧ ಮಾಡಿ, 0.5 ದಾಟಿದರೆ ನೀರು ಬದಲಾಯಿಸಿ. ನೈಟ್ರೈಟ್ ಕಂಡರೆ ಗಾಬರಿ ಬೇಡ, ಉಪ್ಪುನೀರಿನ ಕ್ಲೋರೈಡ್ ಇರುವುದರಿಂದ ಅದು ಮೀನಿಗೆ ಸಿಹಿನೀರಿನಷ್ಟು ಕಾಡುವುದಿಲ್ಲ. ಎರಡು ಮೂರು ವಾರಕ್ಕೆ ಮರಳ ಮೇಲೆ ಕಂದು ಪುಡಿ ಹಬ್ಬಿದರೆ ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ಕೆಂಪಗೆ ಹಾಳೆಯ ಹಾಗೆ ಎದ್ದರೆ ಅದು ಸಯನೋಬ್ಯಾಕ್ಟೀರಿಯಾ, ಆಗ ಸೈಫನ್ ಹಾಕಿ ಎಳೆದು ಫಾಸ್ಫೇಟ್ ಪರೀಕ್ಷೆ ಮಾಡಿ. ಹೊಸ ಮೀನು ಒಂದು ತಿಂಗಳು ಬೇಡ. ಟ್ಯಾಂಕ್ ಖಾಲಿ ಖಾಲಿ ಕಾಣುತ್ತದೆ, ಗೊತ್ತು. ನನ್ನದರಲ್ಲಿ ಆ ಎರಡು ಕ್ಲೌನ್ ಮೀನು ಮೊದಲ ಹದಿನೈದು ದಿನ ಅಷ್ಟು ದೊಡ್ಡ ಟ್ಯಾಂಕಿನ ಒಂದೇ ಮೂಲೆಯಲ್ಲಿ, ಹಳೇ ಕಲ್ಲಿನ ಪಕ್ಕದಲ್ಲೇ ಇದ್ದವು.