ತ್ರಾಂಬ್ಲೆ: ನಡುಗುವ ಎಲೆಯಿಂದ ಹುಟ್ಟಿದ ಹೆಸರು

ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ತ್ರಾಂಬ್ಲೆ. ಅಲ್ಲಿನ ಅಂಕಿಅಂಶ ಸಂಸ್ಥೆ 2006ರಲ್ಲಿ ಸಿದ್ಧಪಡಿಸಿದ ಪಟ್ಟಿಯ ಪ್ರಕಾರ ಪ್ರಾಂತ್ಯದ ಪ್ರತಿ ನೂರು ಜನರಲ್ಲಿ ಒಬ್ಬರಿಗಾದರೂ ಈ ಹೆಸರಿದೆ.

ಹೆಸರಿನ ಬೇರು ಒಂದು ಮರದಲ್ಲಿದೆ. ಯುರೋಪಿನ ಆಸ್ಪೆನ್ ಮರವನ್ನು ಫ್ರೆಂಚರು 'ತ್ರಾಂಬ್ಲ್', ಅಂದರೆ ನಡುಗುವುದು, ಎಂದು ಕರೆಯುತ್ತಾರೆ. ಅದರ ಎಲೆಯ ತೊಟ್ಟು ನೀಳವಾಗಿದ್ದು, ಎರಡು ಬೆರಳ ನಡುವೆ ಒತ್ತಿ ಹಿಡಿದಂತೆ ಪಕ್ಕದಿಂದ ಚಪ್ಪಟೆಯಾಗಿರುವುದರಿಂದ, ಸಣ್ಣ ಗಾಳಿಗೂ ಎಲೆ ಅತ್ತಿತ್ತ ಹೊಯ್ದಾಡುತ್ತದೆ. ಉಳಿದ ಮರಗಳೆಲ್ಲ ಸ್ತಬ್ಧವಾಗಿರುವಾಗಲೂ ಅರಳಿ ಎಲೆ ಅಲುಗುವುದನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ. ಇಂಥ ಮರಗಳ ತೋಪಿದ್ದ ಜಾಗ 'ತ್ರಾಂಬ್ಲೆ' ಆಯಿತು, ಆ ಜಾಗದವರಿಗೆ ಊರ ಹೆಸರೇ ಮನೆತನದ ಹೆಸರಾಯಿತು. ಫ್ರಾನ್ಸಿನಲ್ಲಿ ಈ ಹೆಸರಿನ ಊರುಗಳು ಹಲವಿರುವುದರಿಂದ ಅಲ್ಲಿನ ತ್ರಾಂಬ್ಲೆಗಳೆಲ್ಲ ಒಂದೇ ವಂಶದವರಾಗಬೇಕಿಲ್ಲ.

ಕ್ವೆಬೆಕ್‌ನ ಕಥೆ ಬೇರೆ. ಫ್ರಾನ್ಸಿನ ಪೆರ್ಶ್ ಸೀಮೆಯ ರಾಂದೊನೆ ಎಂಬ ಊರಿನ ಪಿಯೆರ್ ತ್ರಾಂಬ್ಲೆ 1647ರಲ್ಲಿ ದುಡಿಮೆಗಾರನಾಗಿ ಹಡಗು ಹತ್ತಿ ಬಂದ. 1657ರಲ್ಲಿ ಒಜಾನ್ ಆಶೋಂ ಎಂಬವಳನ್ನು ಮದುವೆಯಾದ. ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ನಾಲ್ವರು ಗಂಡುಮಕ್ಕಳು ಹೆಸರನ್ನು ಮುಂದಕ್ಕೊಯ್ದರು. ಉತ್ತರ ಅಮೆರಿಕದ ತ್ರಾಂಬ್ಲೆಗಳು ತಮ್ಮ ಮೂಲವನ್ನು ಹುಡುಕಿ ಹೋದರೆ ಈ ದಂಪತಿಯ ಬಳಿಗೇ ಬಂದು ನಿಲ್ಲುತ್ತಾರೆ.

ಈ ಹೆಸರು ಇಷ್ಟು ಹರಡಿದ್ದಕ್ಕೆ ಕಾರಣ ವಂಶದ ಯಾವ ವಿಶೇಷ ಗುಣವೂ ಅಲ್ಲ. ತಂದೆಯಿಂದ ಮಗನಿಗೆ ಸಾಗುವ ಹೆಸರು, ಯಾವುದಾದರೂ ತಲೆಮಾರಿನಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಅಲ್ಲಿಗೇ ನಿಂತುಹೋಗುತ್ತದೆ. ಹೀಗೆ ಹೆಸರುಗಳು ಅಳಿಯುವ ಸಾಧ್ಯತೆಯನ್ನು ಲೆಕ್ಕಹಾಕುವ ಗಣಿತವನ್ನು ಫ್ರಾನ್ಸಿನ ಬಿಯೆನೆಮೆ 1845ರಲ್ಲಿ, ಇಂಗ್ಲೆಂಡಿನ ಗಾಲ್ಟನ್ ಮತ್ತು ವಾಟ್ಸನ್ 1870ರ ದಶಕದಲ್ಲಿ ರೂಪಿಸಿದರು. ಮೊದಲ ಕೆಲವು ತಲೆಮಾರುಗಳೇ ಅಪಾಯದ ಘಟ್ಟ. ನಾಲ್ಕು ಕವಲುಗಳೊಂದಿಗೆ ಅದನ್ನು ದಾಟಿದ ಹೆಸರು ಸುಲಭವಾಗಿ ಅಳಿಯುವುದಿಲ್ಲ. ಜೊತೆಗೆ, ಬಂದ ಕಾಲವೂ ಮುಖ್ಯ: 1666ರ ಜನಗಣತಿಯಲ್ಲಿ ಫ್ರೆಂಚರ ಆ ಇಡೀ ವಸಾಹತಿನಲ್ಲಿದ್ದವರು 3,215 ಯುರೋಪಿಯನ್ನರಷ್ಟೇ. ಅಷ್ಟು ಚಿಕ್ಕ ಸಮುದಾಯ ವೇಗವಾಗಿ ಬೆಳೆಯುವಾಗ ಮೊದಲೇ ನೆಲೆಯೂರಿದವರ ಪಾಲು ಹಿಗ್ಗುತ್ತದೆ. 1838ರಲ್ಲಿ ಕ್ವೆಬೆಕ್‌ನದೇ ಶಾರ್ಲ್‌ವ್ವಾ ಸೀಮೆಯ ಜನ ಸಗೆನೆ ಕಣಿವೆಗೆ ವಲಸೆ ಹೊರಟಾಗ ತ್ರಾಂಬ್ಲೆಗಳೂ ಜೊತೆಗಿದ್ದರು. ಇಂದಿಗೂ ಈ ಹೆಸರು ಅತ್ಯಂತ ದಟ್ಟವಾಗಿರುವುದು ಆ ಎರಡು ಸೀಮೆಗಳಲ್ಲೇ.

ಸಗೆನೆಯಲ್ಲಿ ಟೈರೋಸಿನೀಮಿಯಾದಂಥ (ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ದೇಹ ಸರಿಯಾಗಿ ವಿಭಜಿಸಲಾಗದ ಸ್ಥಿತಿ) ಅಪರೂಪದ ಆನುವಂಶಿಕ ರೋಗಗಳು ಹೆಚ್ಚಾಗಿ ಕಾಣಿಸುವುದಕ್ಕೂ ಮೊದಲು ಬಂದು ನೆಲೆಸಿದ ಕುಟುಂಬಗಳು ಕೆಲವೇ ಆಗಿದ್ದುದೇ ಕಾರಣ. ಆದರೆ ಅದನ್ನು ಒಂದು ಹೆಸರಿಗೆ ಅಂಟಿಸುವುದು ತಪ್ಪು. ಹೆಸರಿನ ಹಾದಿಯಲ್ಲೇ ಸಾಗುವುದು ಗಂಡಸರ ವೈ ವರ್ಣತಂತು ಮಾತ್ರ. ಉಳಿದ ವಂಶವಾಹಿಗಳು ತಂದೆ, ತಾಯಿ ಎರಡೂ ಕಡೆಯ ಪೂರ್ವಜರಿಂದ ಬರುತ್ತವೆ. ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ಅದರಲ್ಲಿ ಪಿಯೆರ್‌ನಿಗೆ ಒಂದು ಸ್ಥಾನವಿದ್ದರೆ ಅವನ ಪಕ್ಕದಲ್ಲೇ ಒಜಾನ್‌ಳಿಗೂ ಒಂದಿದೆ, ಅವಳ ಹೆಸರನ್ನು ಮಾತ್ರ ಆ ಮಕ್ಕಳಲ್ಲಿ ಯಾರೂ ಹೊರಲಿಲ್ಲ. 1981ರಿಂದ ಕ್ವೆಬೆಕ್‌ನಲ್ಲಿ ಮದುವೆಯ ನಂತರವೂ ಹೆಣ್ಣು ಹುಟ್ಟುಹೆಸರನ್ನೇ ಉಳಿಸಿಕೊಳ್ಳುತ್ತಾಳೆ, ಮಕ್ಕಳಿಗೆ ತಾಯಿಯ ಹೆಸರನ್ನೂ ಕೊಡಬಹುದು. ತ್ರಾಂಬ್ಲೆ ಈಗ ಹೆಣ್ಣುಮಕ್ಕಳ ಮೂಲಕವೂ ಸಾಗುತ್ತಿದೆ.