‘ಆಫ್ರಿಕಾನರ್’ ಅಂದ್ರೆ ಯಾರು?

1707ರ ಮಾರ್ಚ್ ತಿಂಗಳು. ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್ ಊರಿನಲ್ಲಿ ಕುಡಿದ ಹುಡುಗರ ಗುಂಪೊಂದು ಗಿರಣಿಯ ಹತ್ತಿರ ಗಲಾಟೆ ಎಬ್ಬಿಸಿತ್ತು. ಆಗ ಅಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ. ಕಂಪನಿಯ ಅಧಿಕಾರಿ ಸ್ಟಾರೆನ್‌ಬರ್ಗ್ ಬಂದು ಹೊಡೆದು ಓಡಿಸಲು ನೋಡಿದ. ಹೆಂಡ್ರಿಕ್ ಬೀಬೌ ಎಂಬ ಹದಿಹರೆಯದವನು ಜಗ್ಗಲಿಲ್ಲ. ‘ನಾನು ಹೋಗಲ್ಲ, ನಾನು ಆಫ್ರಿಕಾಂಡರ್. ಹೊಡೆದು ಸಾಯಿಸಿದರೂ, ಜೈಲಿಗೆ ಹಾಕಿದರೂ ಸುಮ್ಮನಿರಲ್ಲ’ ಎಂದು ಕೂಗಾಡಿದ.

ಆಫ್ರಿಕಾಂಡರ್ ಎಂಬುದು ಆಫ್ರಿಕಾನರ್ ಪದದ ಹಳೆಯ ರೂಪ. ಇವತ್ತು ಆಫ್ರಿಕಾನರ್ ಅಂದರೆ, ಡಚ್‌ನಿಂದ ಹುಟ್ಟಿದ ಆಫ್ರಿಕಾನ್ಸ್ ಭಾಷೆ ಆಡುವ ದಕ್ಷಿಣ ಆಫ್ರಿಕಾದ ಬಿಳಿಯರು. ಯುರೋಪಿನ ಮೂಲದವನೊಬ್ಬ ತನ್ನನ್ನು ಹೀಗೆ ಕರೆದುಕೊಂಡ ತೀರಾ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಆಫ್ರಿಕಾನರ್ ಇತಿಹಾಸದ ಪುಸ್ತಕಗಳಿಗೆ ಈ ಪ್ರಸಂಗ ಬಲು ಪ್ರೀತಿ. ಆದರೆ ಆಗ ಆ ಹೆಸರು ಜಾಸ್ತಿ ಬಳಕೆಯಲ್ಲಿದ್ದದ್ದು ಬಿಳಿಯರಿಗಲ್ಲ. ಆಫ್ರಿಕಾದ ನೆಲದಲ್ಲೇ ಹುಟ್ಟಿದ ಗುಲಾಮರನ್ನು, ಬಿಡುಗಡೆ ಪಡೆದವರನ್ನು, ಬೆರಕೆ ಸಂತಾನದವರನ್ನು ಹಾಗೆ ಕರೆಯುತ್ತಿದ್ದರು. ಮುಂದೆ 19ನೇ ಶತಮಾನದಲ್ಲಿ, ಈಗಿನ ನಮೀಬಿಯಾದ ವಿಂಡ್‌ಹೂಕ್‌ನಲ್ಲಿ ನೆಲೆ ನಿಂತು ಆಳಿದ ನಾಯಕನ ಹೆಸರೇ ಯೋಂಕರ್ ಆಫ್ರಿಕಾನರ್. ಅವನು ಅಲ್ಲಿನ ಮೂಲನಿವಾಸಿಗಳಾದ ಖೋಯ್ ಮೂಲದ ಓರ್ಲಾಮ್ ಜನರವನು.

ಆಗೆಲ್ಲ ಬಿಳಿಯ ರೈತರು ತಮ್ಮನ್ನು ‘ಬೋಯರ್’ ಎನ್ನುತ್ತಿದ್ದರು. ಬೋಯರ್ ಅಂದರೆ ರೈತ, ಅಷ್ಟೇ. ಆಫ್ರಿಕಾನರ್ ಎಂಬುದಕ್ಕೆ ರಾಜಕೀಯದ ಬಣ್ಣ ಬಂದದ್ದು 1875ರಲ್ಲಿ. ಆ ವರ್ಷ ಪಾರ್ಲ್ ಊರಿನಲ್ಲಿ ಎಸ್‌.ಜೆ. ಡು ಟಾಯ್ಟ್ ಮತ್ತು ಗೆಳೆಯರು ‘ನಿಜವಾದ ಆಫ್ರಿಕಾನರ್‌ಗಳ ಸಂಘ’ ಕಟ್ಟಿದರು, ಮರುವರ್ಷ ಪತ್ರಿಕೆ ತಂದರು. ‘ನಿಜವಾದ’ ಅಂತ ಸೇರಿಸಿದ ಮೇಲೆ ಯಾರೋ ಹೊರಗುಳಿಯಲೇಬೇಕು, ಅಲ್ವಾ? ಆದರೂ ಬಾಗಿಲು ಒಮ್ಮೆಗೇ ಮುಚ್ಚಲಿಲ್ಲ. ಆಫ್ರಿಕಾನರ್ ಬಾಂಡ್ ಪಕ್ಷದ ನಾಯಕ ಹಾಫ್‌ಮೈರ್, ಈ ನೆಲವನ್ನು ತನ್ನದೆಂದುಕೊಂಡ ಇಂಗ್ಲಿಷ್ ಬಿಳಿಯನೂ ಆಫ್ರಿಕಾನರ್ ಎನ್ನುತ್ತಿದ್ದ. ಕಪ್ಪು ಜನ ಮಾತ್ರ ಆ ಲೆಕ್ಕದಲ್ಲೇ ಇರಲಿಲ್ಲ.

1925ರಲ್ಲಿ ಆಫ್ರಿಕಾನ್ಸ್‌ಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. 1948ರಲ್ಲಿ ಆಫ್ರಿಕಾನರ್‌ಗಳ ನ್ಯಾಷನಲ್ ಪಾರ್ಟಿ ಚುನಾವಣೆ ಗೆದ್ದಿತು. 1950ರ ಕಾನೂನು ಪ್ರತಿಯೊಬ್ಬರಿಗೂ ಜನಾಂಗದ ಚೀಟಿ ಅಂಟಿಸಿತು. ಅದರ ತಮಾಷೆ ನೋಡಿ: ಇವತ್ತು ಆಫ್ರಿಕಾನ್ಸ್ ಮನೆಮಾತಾಗಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರಲ್ಲ. ಬಿಳಿಯ ಮನೆತನಗಳ ರಕ್ತವೂ ಬೆರಕೆಯೇ. ಡಚ್ಚರು ಬಂಗಾಳ, ಮಲಬಾರ್ ಕಡೆಯಿಂದಲೂ ಗುಲಾಮರನ್ನು ದಕ್ಷಿಣ ಆಫ್ರಿಕಾದ ಕೇಪ್‌ಗೆ ಸಾಗಿಸಿದ್ದರು. ಹಾಗೆ ಹೋದ ಬಂಗಾಳದ ಆ್ಯಂಜೆಲಾ 1666ರಲ್ಲಿ ಬಿಡುಗಡೆ ಪಡೆದು, 1669ರಲ್ಲಿ ಆರ್ನೋಲ್ಡಸ್ ಬಾಸನ್‌ನನ್ನು ಮದುವೆಯಾದಳು. ಬಾಸನ್ ಮನೆತನದವರು ಇವತ್ತಿಗೂ ಆಫ್ರಿಕಾನರ್‌ಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.